ಸೋರುವ ಟ್ರ್ಯಾಕ್ಟರ್ ಬ್ಯಾಟರಿ: ಅಪಾಯ, ಆರೈಕೆ ಮತ್ತು ವಿಲೇವಾರಿ

ಪಶ್ಚಿಮ ಬೆಂಗಳೂರಿನಲ್ಲಿ ಟ್ರ್ಯಾಕ್ಟರ್ ಕೇವಲ ಹೊಲದ ಯಂತ್ರವಲ್ಲ. ಕೆಂಗೇರಿಯಿಂದಾಚೆಯ ಹಳ್ಳಿಗಳಲ್ಲಿ ಉಳುಮೆಗೆ ಬಳಕೆಯಾಗುವ ಈ ವಾಹನವೇ ನಗರದ ಬಡಾವಣೆಗಳಲ್ಲಿ ನೀರಿನ ಟ್ಯಾಂಕರನ್ನೂ ಇಟ್ಟಿಗೆ, ಮರಳು ತುಂಬಿದ ಟ್ರೇಲರನ್ನೂ ಎಳೆಯುತ್ತದೆ. ಅದರ ಎಂಜಿನ್ ಚಾಲೂ ಮಾಡುವ ಸೀಸ-ಆಮ್ಲ ಬ್ಯಾಟರಿಯ ಜಾತಿಯದೇ ಮತ್ತೊಂದು ಬ್ಯಾಟರಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅನೇಕ ಮನೆಗಳಲ್ಲಿ ಇನ್ವರ್ಟರ್‌ಗೆ ಜೋಡಣೆಯಾಗಿದೆ. ಆದ್ದರಿಂದ ಬ್ಯಾಟರಿ ಸೋರಿಕೆ ರೈತರಿಗೂ ನಗರವಾಸಿಗಳಿಗೂ ಸಮಾನವಾದ ಸಮಸ್ಯೆ.

ಸೋರುವ ಬ್ಯಾಟರಿಯಿಂದ ಹೊರಬರುವ ಅಪಾಯಗಳು ಎರಡು: ಆಮ್ಲ ಮತ್ತು ಸೀಸ. ಆಮ್ಲ ಕೂಡಲೇ ಸುಡುತ್ತದೆ, ಆದರೆ ಅದನ್ನು ಅಡುಗೆ ಸೋಡಾದಿಂದ ನಿಷ್ಕ್ರಿಯಗೊಳಿಸಬಹುದು. ಸೀಸ ಸುಡುವುದಿಲ್ಲ, ವಾಸನೆಯನ್ನೂ ಬೀರುವುದಿಲ್ಲ. ಆದರೆ ಯಾವ ಸೋಡಾದಿಂದಲೂ ಅದು ನಾಶವಾಗುವುದಿಲ್ಲ.

ರಚನೆ

1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. 12 ವೋಲ್ಟ್ ಬ್ಯಾಟರಿಯಲ್ಲಿ 6 ಕೋಶಗಳಿದ್ದು, ಪ್ರತಿಯೊಂದೂ ಸುಮಾರು 2 ವೋಲ್ಟ್ ನೀಡುತ್ತದೆ. ಸೀಸ ಹಾಗೂ ಸೀಸದ ಡೈಆಕ್ಸೈಡ್ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸದ್ದೇ ಆಗಿದೆ.

ಪೂರ್ಣ ಚಾರ್ಜ್ ಆದ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.260ರಿಂದ 1.280ರವರೆಗೆ ಇರುತ್ತದೆ. ಇದನ್ನು ಹೈಡ್ರೋಮೀಟರ್‌ನಿಂದ ಅಳೆಯಬಹುದು. ಒಂದು ಕೋಶದ ಅಳತೆ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಆ ಕೋಶದಲ್ಲಿ ದೋಷವಿದೆಯೆಂದು ತಿಳಿಯಬೇಕು.

ಸೋರಿಕೆಗೆ ಕಾರಣಗಳು

ಮಿತಿಮೀರಿ ನೀರು ತುಂಬುವುದು ಸಾಮಾನ್ಯ ಕಾರಣಗಳಲ್ಲೊಂದು. ಚಾರ್ಜ್ ಆಗುವಾಗ ದ್ರವ ಹಿಗ್ಗಿ, ಗುಳ್ಳೆಗಳೆದ್ದು ಮುಚ್ಚಳದಿಂದ ಉಕ್ಕುತ್ತದೆ. ಫಲಕಗಳು ಬರಿದಾಗಿ ಕಾಣುತ್ತಿದ್ದರೆ ಅವು ಮುಳುಗುವಷ್ಟು ನೀರನ್ನು ಮೊದಲೇ ಹಾಕಬೇಕು. ಉಳಿದಂತೆ ಚಾರ್ಜ್ ಮುಗಿದ ನಂತರವೇ ಭಟ್ಟಿ ಇಳಿಸಿದ ನೀರನ್ನು ಗುರುತಿನವರೆಗೆ ಮಾತ್ರ ತುಂಬುವುದು ಸರಿಯಾದ ಕ್ರಮ. ನಲ್ಲಿಯ ನೀರಾಗಲಿ, ಕೊಳವೆಬಾವಿಯ ನೀರಾಗಲಿ ಸಲ್ಲದು. ಅದರಲ್ಲಿರುವ ಲವಣಗಳು ಫಲಕಗಳನ್ನು ಹಾಳುಮಾಡುತ್ತವೆ.

ಎರಡನೆಯದು ಅತಿ ಚಾರ್ಜ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಕಾಣಬೇಕು. ಸತತವಾಗಿ ಇದಕ್ಕಿಂತ ಹೆಚ್ಚು ಕಂಡರೆ ವೋಲ್ಟೇಜ್ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆಯಿದೆ. ಅದನ್ನು ಸರಿಪಡಿಸದೆ ಬ್ಯಾಟರಿ ಬದಲಿಸಿದರೆ ಹೊಸದೂ ಸೋರುತ್ತದೆ.

ಮೂರನೆಯದು ಅಲುಗಾಟ. ಉಳುವ ನೆಲವಾಗಲಿ, ಹೊಂಡ ಬಿದ್ದ ರಸ್ತೆಯಾಗಲಿ, ಬಿಗಿಯಿಲ್ಲದೆ ಕೂರಿಸಿದ ಬ್ಯಾಟರಿಯ ಪೆಟ್ಟಿಗೆಯನ್ನು ಬಿರುಕು ಬಿಡಿಸುತ್ತದೆ. ಹಿಡಿಪಟ್ಟಿಯನ್ನು ಅತಿಯಾಗಿ ಬಿಗಿದರೂ ಇದೇ ಫಲ. ಮುಚ್ಚಳದ ಗಾಳಿರಂಧ್ರಗಳಲ್ಲಿ ಧೂಳು ಕಟ್ಟಿಕೊಂಡರೆ ಒಳಗಿನ ಅನಿಲ ಹೊರಹೋಗಲು ದಾರಿಯಿಲ್ಲದೆ ಒತ್ತಡ ಹೆಚ್ಚುತ್ತದೆ.

ಸೋರಿಕೆ ಕಂಡಾಗ

ಮೊದಲು ಎಂಜಿನ್ ನಿಲ್ಲಿಸಬೇಕು; ಇನ್ವರ್ಟರ್ ಆದರೆ ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಬೀಡಿ, ಬೆಂಕಿಕಡ್ಡಿ, ಊದುಬತ್ತಿ ಹತ್ತಿರ ಸುಳಿಯಬಾರದು. ಚಾರ್ಜ್ ಆಗುವ ಬ್ಯಾಟರಿ ಜಲಜನಕವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4ನ್ನು ಮುಟ್ಟಿದರೆ ಒಂದು ಕಿಡಿಯಿಂದಲೇ ಸ್ಫೋಟವಾಗಬಹುದು. ಕಿಟಕಿಯಿಲ್ಲದ ಮೆಟ್ಟಿಲ ಕೆಳಗಿನ ಗೂಡು ಇನ್ವರ್ಟರ್ ಬ್ಯಾಟರಿಗೆ ತಕ್ಕ ಸ್ಥಳವಲ್ಲ ಎನ್ನುವುದು ಇದೇ ಕಾರಣಕ್ಕೆ.

ರಬ್ಬರ್ ಕೈಗವಸು ಹಾಗೂ ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿದ ಮೇಲೆ, ವಾಹನದ ಚೌಕಟ್ಟಿಗೆ ಜೋಡಿಸಿದ ತಂತಿಯನ್ನು, ಅಂದರೆ ಸಾಮಾನ್ಯವಾಗಿ ಋಣ ತುದಿಯನ್ನು, ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದು ಕೊನೆಯದಾಗಿರಬೇಕು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಚೌಕಟ್ಟಿಗೆ ತಗುಲಿ ಕಿಡಿ ಹಾರಬಹುದು.

ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಅಡುಗೆ ಸೋಡಾ ಬೆರೆಸಿ, ಆಮ್ಲ ಬಿದ್ದ ಕಡೆ ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. ನೊರೆ ಏಳುವುದು ನಿಂತರೆ ಆಮ್ಲ ನಿಷ್ಕ್ರಿಯವಾಗಿದೆಯೆಂದು ಅರ್ಥ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳನ್ನು ಭದ್ರಪಡಿಸಬೇಕು. ಅಮೃತಶಿಲೆ ಮತ್ತು ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಆಮ್ಲಕ್ಕೆ ಬಹುಬೇಗ ಕರಗಿ ಕಲೆಯಾಗುವುದರಿಂದ ಅಲ್ಲಿ ತಡಮಾಡಬಾರದು.

ಉಳಿದ ತೇವವನ್ನು ಮರಳಿನಿಂದ ಹೀರಿಸಿ, ಆ ಮರಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಅದರಲ್ಲಿ ಸೀಸದ ಅಂಶ ಇರುತ್ತದಾದ್ದರಿಂದ ಗಿಡದ ಬುಡಕ್ಕಾಗಲಿ, ಮನೆಯ ಕಸಕ್ಕಾಗಲಿ ಸೇರಿಸಬಾರದು. ಒಣಗಿದ ಪುಡಿಯನ್ನು ಪೊರಕೆಯಿಂದ ಗುಡಿಸುವುದೂ ತಪ್ಪು. ಧೂಳೆದ್ದು ಉಸಿರಿಗೆ ಸೇರುತ್ತದೆ.

ಆಮ್ಲ ಚರ್ಮಕ್ಕೆ ತಗುಲಿದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅಷ್ಟೇ ಹೊತ್ತು ಶುದ್ಧ ನೀರಿನಿಂದ ತೊಳೆದು, ತಡವಿಲ್ಲದೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಸೋಡಾ ನೀರನ್ನು ಕಣ್ಣಿಗೆ ಹಾಕಲೇಬಾರದು.

ದುರಸ್ತಿಯೋ, ಬದಲಾವಣೆಯೋ?

ಮುಚ್ಚಳದ ಮೇಲಿನ ತೇವ, ಟರ್ಮಿನಲ್ ಸುತ್ತ ಕಟ್ಟುವ ಬಿಳಿ ಅಥವಾ ನೀಲಿ-ಹಸಿರು ಪುಡಿ ಇವು ಶುಚಿಗೊಳಿಸಿ ಸರಿಪಡಿಸಬಹುದಾದ ದೋಷಗಳು. ಶುಚಿಯಾದ ಮೇಲೆ ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರುವುದು ವಾಡಿಕೆ. ಪೆಟ್ಟಿಗೆಯೇ ಬಿರುಕು ಬಿಟ್ಟಿದ್ದರೆ ಬದಲಿಸುವುದೊಂದೇ ದಾರಿ. ಇಂದಿನ ಪೆಟ್ಟಿಗೆಗಳು ಬಹುಪಾಲು ಪಾಲಿಪ್ರೊಪಿಲೀನ್‌ನವು. ಅದರ ಮೇಲೆ ಸಾಮಾನ್ಯ ಅಂಟುಗಳು ನಿಲ್ಲುವುದಿಲ್ಲ. ಚೆಲ್ಲಿಹೋದ ಆಮ್ಲದ ಬದಲು ಬರೀ ನೀರು ತುಂಬಿದರೆ ಬ್ಯಾಟರಿ ದುರ್ಬಲವಾಗುತ್ತದೆ. ತಕ್ಕ ಸಾಂದ್ರತೆಯ ಆಮ್ಲವನ್ನು ನುರಿತವರೇ ತುಂಬಬೇಕು.

ಚರಂಡಿಯಿಂದ ಹೊಲಕ್ಕೆ

ಗುಜರಿಗೆ ಒಯ್ಯುವ ಮುನ್ನ ಭಾರ ಇಳಿಸಲೆಂದು ಹಳೆಯ ಬ್ಯಾಟರಿಯ ಆಮ್ಲವನ್ನು ಚರಂಡಿಗೆ ಸುರಿಯುವುದು ಅತ್ಯಂತ ಅಪಾಯಕಾರಿ ಅಭ್ಯಾಸ. ಪಶ್ಚಿಮ ಬೆಂಗಳೂರಿನ ಬಹುಭಾಗದ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಮೈಸೂರು ರಸ್ತೆಯ ಬದಿಯಲ್ಲಿ ಸಾಗಿ ಕೆಂಗೇರಿಯನ್ನು ದಾಟುವ ಈ ನದಿ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಕೈಗಾರಿಕೆಗಳ ಹಾಗೂ ಮನೆಗಳ ಕೊಳಚೆಯಿಂದ ಈಗಾಗಲೇ ಕಲುಷಿತವಾಗಿರುವ ಈ ಕಣಿವೆಯಲ್ಲಿ ಭಾರಲೋಹಗಳ ಅಂಶವನ್ನು ಸಂಶೋಧಕರು ದಾಖಲಿಸಿದ್ದಾರೆ. ಬೈರಮಂಗಲದ ಸುತ್ತಣ ರೈತರು ಇದೇ ನೀರಿನಿಂದ ಮೇವು, ತರಕಾರಿ ಬೆಳೆಯುತ್ತ ಬಂದಿದ್ದಾರೆ. ನಗರದ ಚರಂಡಿಗೆ ಬಿದ್ದ ಸೀಸ ಹೊಲದ ದಾರಿಯಾಗಿ ನಗರದ ಊಟದ ತಟ್ಟೆಗೇ ಮರಳಬಹುದು.

ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ರಕ್ತದಲ್ಲಿ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಿದ ನಗರಗಳಲ್ಲಿ ಬೆಂಗಳೂರೂ ಒಂದು. 1999ರಲ್ಲಿ ಜಾರ್ಜ್ ಫೌಂಡೇಶನ್ ಸೀಸದ ವಿಷಬಾಧೆ ಕುರಿತು ಇಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಏರ್ಪಡಿಸಿತ್ತು. 2000ದಲ್ಲಿ ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ಕೊನೆಗೊಂಡಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಜಾಗೃತಿ ಕಾರ್ಯದ ಮುಂಚೂಣಿಯಲ್ಲಿದ್ದರು.

ಪೆಟ್ರೋಲಿನಿಂದ ಸೀಸ ಹೋದರೂ ಬ್ಯಾಟರಿಯಲ್ಲಿ ಉಳಿದಿದೆ. ಸೆನೆಗಲ್ ದೇಶದ ಥಿಯಾರೊಯೆ ಸುರ್ ಮೇರ್‌ನಲ್ಲಿ ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲೇ ಒಡೆದು ಸೀಸ ತೆಗೆಯುತ್ತಿದ್ದುದರಿಂದ 2007-08ರಲ್ಲಿ 18 ಮಕ್ಕಳು ಮೃತಪಟ್ಟರು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯ ಪ್ರಕಾರ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ.

ವಿಲೇವಾರಿ

ಹಳೆಯ ಬ್ಯಾಟರಿಗಳ ನಿರ್ವಹಣೆಗೆ 2001ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು. ಅದರ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದ್ದು. ಇತರ ಕಸದೊಂದಿಗೆ ಬೆರೆಸದೆ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ನೀಡುವ ಹೊಣೆ ಬಳಕೆದಾರರದ್ದು.

ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಒಡೆಯದೆ, ಆಮ್ಲ ಚೆಲ್ಲದೆ, ನೆಟ್ಟಗೆ ನಿಲ್ಲಿಸಿ ಒಯ್ದು ಅಂಗಡಿಗೆ ಮರಳಿಸುವುದು ಸುಲಭ ಮಾರ್ಗ. ಹಳೆಯದಕ್ಕೆ ಬೆಲೆ ಕಟ್ಟಿ ಕಳೆಯುವ ಪದ್ಧತಿಯೂ ರೂಢಿಯಲ್ಲಿದೆ. ಸೋರುತ್ತಿದ್ದರೆ ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟು ಸಾಗಿಸಬೇಕು. ಸೋರಿಕೆ ಒರೆಸಿದ ಮರಳಿನ ಚೀಲವನ್ನು ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿಯೇ ಒಪ್ಪಿಸಬೇಕು. ಗುಜರಿಯಲ್ಲಿ ನಾಲ್ಕು ಕಾಸು ಹೆಚ್ಚು ದೊರೆಯುತ್ತದೆಂದು ಹಿತ್ತಲಲ್ಲಿ ಒಡೆಯುವವರ ಕೈಗೆ ಕೊಟ್ಟರೆ, ಉಳಿದ ಬೆಲೆಯನ್ನು ಅಲ್ಲಿ ಆಡುವ ಮಕ್ಕಳು ತೆರಬೇಕಾಗುತ್ತದೆ.