ನಮ್ಮ ಎಂಟು ನಿಮಿಷದ ಸಿನಿಮಾ ಮತ್ತು ಶಾಲೆಗೆ ಹೊಕ್ಕ ಕ್ಯಾಮೆರಾಗಳು

2018ರಲ್ಲಿ, ಆರನೇ ಸೆಮಿಸ್ಟರಿನಲ್ಲಿದ್ದಾಗ ನಾನು ಮತ್ತು ಮೂವರು ಗೆಳೆಯರು ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿದ್ದೆವು. ಕಾಲೇಜಿನ ಫೆಸ್ಟಿಗೆ. ವಿಷಯ, ಹಳ್ಳಿಯ ಸರ್ಕಾರಿ ಶಾಲೆಯ ಒಂದು ದಿನ. ಹಾಸನ ಜಿಲ್ಲೆಯ ನಮ್ಮೂರ ಶಾಲೆಯೇ ಸಿಕ್ಕಿತು, ಏಳನೇ ಕ್ಲಾಸಿನವರೆಗೆ ನಾನೇ ಓದಿದ್ದು. ಸೀನಿಯರ್ ಒಬ್ಬನನ್ನು ಕಾಡಿ ಬೇಡಿ ತಂದ ಡಿಎಸ್ಎಲ್ಆರ್, ಎರಡು ಮೊಬೈಲು, ಎರಡು ದಿನದ ಶೂಟಿಂಗು. ನಾಲ್ಕು ಗಂಟೆಯ ಫೂಟೇಜನ್ನು ಎಂಟು ನಿಮಿಷಕ್ಕೆ ಇಳಿಸಿ, ಹಿಂದೆ ಒಂದು ಕೊಳಲು ಹಾಕಿದೆವು. ಎರಡನೇ ಬಹುಮಾನ ಬಂತು!

ಅದೇ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಹೆಡ್‌ಮೇಷ್ಟ್ರಿಗೆ, ಮಕ್ಕಳಿಗೆ ತೋರಿಸಿದೆ. ಸೋರುವ ಹಂಚು, ಬಣ್ಣ ಹೋದ ಕರಿಹಲಗೆ, ಊಟವಾದ ಮೇಲೆ ನಲ್ಲಿ ಹತ್ತಿರ ತಟ್ಟೆ ತೊಳೆಯುವ ಐದನೇ ಕ್ಲಾಸಿನ ಹುಡುಗಿ. ಮೇಷ್ಟ್ರು ಪೂರ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಒಂದೇ ಮಾತು ಕೇಳಿದರು: "ಚೆನ್ನಾಗಿದೆ ಕಣಪ್ಪಾ. ಆದ್ರೆ ಈ ಶಾಲೇಲಿ ಮಕ್ಕಳು ನಗೋದೇ ಇಲ್ವಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ, ಶಾಲೆಗಳ ಬಗ್ಗೆ ಬಂದಿರುವ ಸಾಕ್ಷ್ಯಚಿತ್ರಗಳನ್ನು ಹುಡುಕಿ ಹುಡುಕಿ ನೋಡತೊಡಗಿದೆ. ಮೇಷ್ಟ್ರ ಪ್ರಶ್ನೆ ನನಗೊಬ್ಬನಿಗೇ ಎದುರಾದದ್ದಲ್ಲ ಅಂತ ಗೊತ್ತಾಗಿದ್ದು ಆಗ.

ಕ್ಲಾಸಿನೊಳಗೆ ಸುಮ್ಮನೆ ಕೂತು ನಡೆಯುವುದನ್ನೆಲ್ಲ ಮಾತಿನ ಸಮೇತ ಹಿಡಿಯುವುದು ಮೊದಲು ಸುಲಭವಿರಲಿಲ್ಲ. ಕ್ಯಾಮೆರಾ ಭಾರ, ಸೌಂಡಿನ ಸರಂಜಾಮು ಇನ್ನೂ ಭಾರ. 1960ರ ಸುಮಾರಿಗೆ ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾ, ಅದಕ್ಕೆ ಸರಿಹೊಂದಿಕೊಂಡು ಓಡುವ ಸಣ್ಣ ಟೇಪ್ ರೆಕಾರ್ಡರ್ ಬಂದವು. ಆಗಲೂ 400 ಅಡಿಯ ಒಂದು ರೋಲಿಗೆ ಸಿಗುತ್ತಿದ್ದುದು 11 ನಿಮಿಷ ಮಾತ್ರ. ಮೆಮೊರಿ ಕಾರ್ಡ್ ತುಂಬಿತು ಅಂತ ಗೊಣಗಿದ ನಮಗೆ ನಾಚಿಕೆಯಾಗಬೇಕು!

ಈ ಸಲಕರಣೆ ಹಿಡಿದು 1968ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ನಾರ್ತ್ಈಸ್ಟ್ ಹೈಸ್ಕೂಲಿಗೆ ಹೋದವರು ಫ್ರೆಡರಿಕ್ ವೈಸ್‌ಮನ್. ಮೊದಲು ಕಾನೂನು ಪಾಠ ಮಾಡುತ್ತಿದ್ದವರು. ಧ್ವನಿ ಹಿಡಿಯುವ ಕೆಲಸ ಅವರದೇ, ಕ್ಯಾಮೆರಾ ರಿಚರ್ಡ್ ಲೈಟರ್‌ಮನ್ ಅವರದು. ಹೀಗೆ ಬಂದ 75 ನಿಮಿಷದ ಕಪ್ಪು ಬಿಳುಪು ಚಿತ್ರ 'ಹೈಸ್ಕೂಲ್'. ವಿವರಣೆಯ ದನಿ ಇಲ್ಲ, ಸಂದರ್ಶನ ಇಲ್ಲ. ತಪ್ಪು ಮಾಡಿಲ್ಲ ಎನ್ನುವ ಹುಡುಗನಿಗೆ, ಗಂಡಸಾಗಬೇಕಾದರೆ ಹೇಳಿದ ಶಿಕ್ಷೆ ಅನುಭವಿಸಲು ಕಲಿ ಎಂದು ಬುದ್ಧಿ ಹೇಳುವ ಮೇಷ್ಟ್ರು ಇದರಲ್ಲಿದ್ದಾರೆ. ಕೊನೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೊರಟ ಹಳೆಯ ವಿದ್ಯಾರ್ಥಿಯ ಪತ್ರ. ತಾನು ಕೆಲಸ ಮಾಡುವ ಒಂದು ದೇಹ ಅಷ್ಟೇ ಎಂದು ಬರೆದಿದ್ದಾನೆ. ಅದನ್ನು ಓದಿದ ಮುಖ್ಯೋಪಾಧ್ಯಾಯಿನಿ, ಇಂಥ ಪತ್ರ ಬಂದಿದೆ ಅಂದರೆ ನಮ್ಮ ಶಾಲೆ ಗೆದ್ದಿದೆ ಎಂದು ಹೆಮ್ಮೆಪಡುತ್ತಾರೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಕೇಸು ಬೀಳಬಹುದೆಂಬ ಮಾತು ಎದ್ದದ್ದರಿಂದ ಈ ಚಿತ್ರ ಬಹಳ ವರ್ಷ ಫಿಲಡೆಲ್ಫಿಯಾದಲ್ಲೇ ಪ್ರದರ್ಶನ ಕಾಣಲಿಲ್ಲ. ತಮಾಷೆಯೆಂದರೆ, ಬಾಸ್ಟನ್ನಿನ ಶಾಲಾ ಸಮಿತಿಯ ಸದಸ್ಯೆಯೊಬ್ಬರು ಚಿತ್ರ ನೋಡಿ, ಎಷ್ಟು ಒಳ್ಳೆಯ ಶಾಲೆ ಎಂದು ಮೆಚ್ಚಿಕೊಂಡಿದ್ದನ್ನು ವೈಸ್‌ಮನ್ ಹೇಳಿಕೊಂಡಿದ್ದಾರೆ. ಅದೇ ಚಿತ್ರ, ನೋಡುವ ಕಣ್ಣು ಬೇರೆ. 1991ರಲ್ಲಿ ಅಮೆರಿಕ ಇದನ್ನು ತನ್ನ ರಾಷ್ಟ್ರೀಯ ಚಿತ್ರ ಪಟ್ಟಿಗೆ ಸೇರಿಸಿತು.

ಹಾಗಾದರೆ ಪ್ರೀತಿಯಿಂದ ತೆಗೆದರೆ ಎಲ್ಲಾ ಸರಿಹೋಗುತ್ತಾ? ಅದೂ ಇಲ್ಲ. ಫ್ರಾನ್ಸಿನ ನಿಕೊಲಾ ಫಿಲಿಬೆರ್ 2002ರಲ್ಲಿ ತಂದ 'ಎತ್ರ್ ಎ ಅವ್ವಾರ್' ನೋಡಿ. ಓವೆರ್ನ್ಯ ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆ. ಸಣ್ಣವರು, ದೊಡ್ಡವರು ಎಲ್ಲಾ ಒಂದೇ ಕೋಣೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಓದಿದವರಿಗೆ ಇದೇನು ಹೊಸದಲ್ಲ ಬಿಡಿ. ಮೇಷ್ಟ್ರು ಜಾರ್ಜ್ ಲೋಪೆಜ್ ಅವರ ತಾಳ್ಮೆಗೆ ಇಡೀ ಫ್ರಾನ್ಸ್ ಮನಸೋತಿತು. ಚಿತ್ರ ಚೆನ್ನಾಗಿ ದುಡ್ಡನ್ನೂ ಮಾಡಿತು. ಆಮೇಲೆ ಅದೇ ಮೇಷ್ಟ್ರು ಕೋರ್ಟಿಗೆ ಹೋದರು: ಪಾಠ ನನ್ನದು, ಮುಖ ನನ್ನದು, ಪಾಲು ಎಲ್ಲಿ? 2004ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಅವರು ಸೋತರು. ಕಾನೂನಿನ ಮಾತು ಅಲ್ಲಿರಲಿ, ಅವರ ಪ್ರಶ್ನೆ ಮಾತ್ರ ನನಗೆ ಸಣ್ಣದು ಅನ್ನಿಸಲಿಲ್ಲ.

ನಮ್ಮ ದೇಶದಲ್ಲೇ ಈ ಕೆಲಸಕ್ಕೆ ವರ್ಷಗಟ್ಟಲೆ ಕೊಟ್ಟವರು ಡೇವಿಡ್ ಮ್ಯಾಕ್‌ಡೂಗಲ್. ಡೆಹರಾಡೂನಿನ ಡೂನ್ ಸ್ಕೂಲಿನ ಮೇಲೆ 2000ದಿಂದ 2004ರ ನಡುವೆ ಐದು ಚಿತ್ರ ತಂದರು. ಕ್ಯಾಮೆರಾ ಹಿಡಿದು ಒಬ್ಬರೇ ಹಾಸ್ಟೆಲಿನಲ್ಲಿ ಹುಡುಗರ ಜೊತೆ ಓಡಾಡಿದರು. ಆಮೇಲೆ ನಮ್ಮ ಗಡಿಯಾಚೆ, ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ 'ಸ್ಕೂಲ್‌ಸ್ಕೇಪ್ಸ್' (2007). ಅಲ್ಲಿ ದೃಶ್ಯಗಳನ್ನು ತುಂಡರಿಸದೆ ಸುಮ್ಮನೆ ನೋಡುತ್ತಾ ಕೂರುತ್ತಾರೆ. ಮುಂದಿನ ದಶಕದಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಕ್ಯಾಮೆರಾವನ್ನು ಮಕ್ಕಳ ಕೈಗೇ ಕೊಟ್ಟರು. ದೆಹಲಿ ಮುಂತಾದ ಕಡೆ ಹತ್ತು ಹನ್ನೊಂದು ವರ್ಷದವರು ತಮಗೆ ಬೇಕಾದ್ದನ್ನು ತಾವೇ ಚಿತ್ರಿಸಿದರು. ನಮಗೆ ಎರಡೇ ದಿನ ಇತ್ತು, ನಿಜ. ಆದರೆ ಆ ಎರಡು ದಿನದಲ್ಲಿ ಒಂದು ಗಂಟೆ ಕ್ಯಾಮೆರಾನ ಮಕ್ಕಳಿಗೆ ಕೊಡಬಹುದಿತ್ತು. ಬದಲಿಗೆ, ಮುಟ್ಟಬೇಡ್ರೋ ಅಂತ ಗದರಿದ್ದೆವು.

ಕಳೆದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಆ ತಟ್ಟೆ ತೊಳೆಯುವ ಹುಡುಗಿ ಸಿಕ್ಕಳು. ಪಿಯುಸಿ ಓದುತ್ತಿದ್ದಾಳೆ. ಅವಳೇ ಮಾತು ತೆಗೆದಳು. "ಅಣ್ಣಾ, ನಿಮ್ಮ ವಿಡಿಯೋ ನೋಡಿ ನಾನು ಅಳ್ತಾ ಇದ್ದೀನಿ ಅಂತ ಎಲ್ರೂ ಅಂದ್ಕೊಂಡಿದ್ರು. ಎಷ್ಟ್ ದಿನ ಆಡ್ಕೊಂಡ್ರು ಗೊತ್ತಾ? ನಾನು ಅಳ್ತಾನೇ ಇರ್ಲಿಲ್ಲ. ಬಿಸಿಲಿಗೆ ಕಣ್ಣು ಮುಚ್ಚಿದ್ದೆ ಅಷ್ಟೇ."

ಬೆಂಗಳೂರಿಗೆ ಬಂದವನೇ ಹಳೆಯ ಹಾರ್ಡ್ ಡಿಸ್ಕ್ ತೆಗೆದೆ. ಆ ಶಾಟು ಒಟ್ಟು 40 ಸೆಕೆಂಡ್ ಇದೆ. ನಾವು ಬಳಸಿದ್ದು ಮೊದಲ 9 ಸೆಕೆಂಡ್. ಉಳಿದದ್ದರಲ್ಲಿ ಪಕ್ಕದವಳು ನೀರು ಎರಚುತ್ತಾಳೆ, ಇವಳು ತಟ್ಟೆಯಲ್ಲೇ ನೀರು ತುಂಬಿ ತಿರುಗಿ ಎರಚುತ್ತಾಳೆ, ಇಡೀ ನಲ್ಲಿಕಟ್ಟೆ ನಗುತ್ತದೆ. ಕತ್ತರಿಸಿದವನು ನಾನೇ. "ಮೂಡ್ ಹಾಳಾಗುತ್ತೆ" ಅಂತ ಹೇಳಿದ್ದೂ ನೆನಪಿದೆ.

ಸೋರುವ ಹಂಚು ಸುಳ್ಳಲ್ಲ, ಅದು ಇರಲೇಬೇಕು. ಆದರೆ ಆ ನಗುವೂ ಸುಳ್ಳಲ್ಲವಲ್ಲ. ಕೊಳಲು ತೆಗೆದು, 40 ಸೆಕೆಂಡನ್ನೂ ಹಾಕಿ ಮತ್ತೆ ಎಡಿಟ್ ಮಾಡುತ್ತಿದ್ದೇನೆ. ಈ ಸಲ ಮೊದಲು ತೋರಿಸುವುದು ಅವಳಿಗೆ. ಅವಳು ಬೇಡ ಅಂದರೆ ಬೇಡ. ಮೇಷ್ಟ್ರು ರಿಟೈರ್ ಆಗಿದ್ದಾರೆ, ಅವರ ಮನೆಗೂ ಹೋಗಬೇಕು.

ನಿಮ್ಮಲ್ಲಿ ಯಾರಾದರೂ ಓದಿದ ಶಾಲೆಯನ್ನು ಹೀಗೆ ಕ್ಯಾಮೆರಾದಲ್ಲಿ ಹಿಡಿದಿದ್ದೀರಾ? ಏನು ಕತ್ತರಿಸಿದಿರಿ? ಹೇಳಿ, ಕೇಳಬೇಕು ಅಂತಿದೆ.