ಅರಸರ ಮತವೂ ಐನ್‌ಮನೆಯ ಹೊಸ್ತಿಲೂ

ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತ ಗೆದ್ದೇ ಗೆಲ್ಲುತ್ತಿತ್ತು ಎನ್ನುವವರು ಕೊಡಗಿನ ಚರಿತ್ರೆಯನ್ನು ನೋಡಬೇಕು. 312ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಆ ಮತದ ಕಡೆಗೆ ಒಲಿದ. 380ರಲ್ಲಿ ಥಿಯೊಡೋಸಿಯಸ್ ಅದನ್ನು ರಾಜ್ಯದ ಮತವಾಗಿಸಿದ. ಅರಸನೇ ಒಪ್ಪಿದ ಮೇಲೆ ಜನ ಒಪ್ಪದಿರುತ್ತಾರೆಯೇ? ಕೊಡಗಿನಲ್ಲಿ ಒಪ್ಪಲಿಲ್ಲ. ಹಾಲೇರಿಯ ಲಿಂಗಾಯತ ಅರಸರು ಇನ್ನೂರು ವರ್ಷ ಆಳಿದರೂ ಬಹುಪಾಲು ಕೊಡವರು ಲಿಂಗ ಕಟ್ಟಲಿಲ್ಲ. 1834ರಲ್ಲಿ ನಾಡು ಇಂಗ್ಲಿಷರ ಕೈಸೇರಿತು. 1852ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಮರುವರ್ಷ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದರು. ಸರ್ಕಾರ, ಶಾಲೆ, ಅಚ್ಚುಕೂಟ, ಸಂತ ಪೌಲನಿಗೆ ಇಲ್ಲದಿದ್ದ ಬಲವೆಲ್ಲ ಇಲ್ಲಿತ್ತು. ಆದರೂ ಮತ ಬದಲಿಸಿದ ಕೊಡವರು ಬೆರಳೆಣಿಕೆಯಷ್ಟು.

ಇದಕ್ಕೆ ಕಾರಣ ಒಕ್ಕದಲ್ಲಿ, ಅಂದರೆ ಕೊಡವರ ಮನೆತನದಲ್ಲಿದೆ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಒಬ್ಬನದಲ್ಲ, ಒಕ್ಕದ್ದು. ಸುಗ್ಗಿಹಬ್ಬವಾದ ಪುತ್ತರಿಯ ಇರುಳು ಗದ್ದೆಯಿಂದ ಕೊಯ್ದು ತಂದ ಕದಿರು ಒಕ್ಕದ ಹಿರಿಮನೆಯಾದ ಐನ್‌ಮನೆಯ ನಡುಬಾಡೆಯ, ಅಂದರೆ ನಡುಮನೆಯ, ದೀಪದೆದುರು ಸೇರುತ್ತದೆ; ಒಕ್ಕದ ಮೂಲಪುರುಷನಾದ ಕಾರಣನಿಗೆ ಮೀದಿ ಎಂಬ ಎಡೆ ಸಲ್ಲುತ್ತದೆ. ದೇವರನ್ನು ಬಿಡುವವನು ಹಿರಿಯರನ್ನೂ ಗದ್ದೆಯನ್ನೂ ನಂಟರನ್ನೂ ಒಟ್ಟಿಗೇ ಬಿಡಬೇಕಿತ್ತು. ಆಳುವ ಬಿಳಿಯರ ಮತವೆಂದು ಜನ ದೂರವಿಟ್ಟರು ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದಷ್ಟೇ ಸಾಲದು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕೆಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದ. 1792ರಿಂದಲೂ ಅಲ್ಲಿ ಸಂತ ಅನ್ನಮ್ಮನವರ ಚರ್ಚಿದೆ. ಬಿಳಿಯರ ಆಳ್ವಿಕೆಗೂ ಮುಂಚೆ ನಾಲ್ಕು ದಶಕ ಪಕ್ಕದಲ್ಲೇ ಬಾಳಿದ ಆ ಮತ ಕೊಡವರಿಗೆ ಶತ್ರುವೂ ಆಗಲಿಲ್ಲ, ಸ್ವಂತದ್ದೂ ಆಗಲಿಲ್ಲ. ಮೊಗ್ಲಿಂಗರ ಮಾತಿಗೆ ಓಗೊಟ್ಟವರು ಬಹುಮಟ್ಟಿಗೆ ಜೀತದಲ್ಲಿ ಬೆಂದ ದಲಿತ ಕುಟುಂಬಗಳು. ಐನ್‌ಮನೆಯಲ್ಲಿ ಪಾಲಿಲ್ಲದ ಅವರಿಗೆ ಆನಂದಪುರದಲ್ಲಿ ಊರೊಂದು ಸಿಕ್ಕಿತು. ನನಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ.

ಅಂತಿಯೋಕ್ಯ, ಕೊರಿಂಥ, ರೋಮ್ ನಗರಗಳಲ್ಲಿ ಮೊದಲ ಸಭೆಗಳಿಗೆ ಸೇರಿದವರಲ್ಲಿಯೂ ಗುಲಾಮರು, ಬಿಡುಗಡೆ ಪಡೆದವರು, ಊರು ಬಿಟ್ಟು ಬಂದವರು ಬಹಳ. ಕಾನ್‌ಸ್ಟಂಟೈನನಿಗೆ ಮೊದಲೇ ಅಲ್ಲಿ ಮತ ಬೆಳೆದಿತ್ತಲ್ಲ ಎಂದರೆ, ಹೌದು, ಆದರೆ ಆಗಿನ್ನೂ ಕ್ರೈಸ್ತರು ಅಲ್ಪಸಂಖ್ಯಾತರು. ನೆಲೆ ತಪ್ಪಿದ ಜನ, ಒಲಿದ ಅರಸು, ಎರಡೂ ಒಂದೇ ಕಾಲಕ್ಕೆ ಕೂಡಿಬಂದದ್ದು ರೋಮಿನ ವಿಶೇಷ. ಗಡಿಯಾಚೆಯ ಪರ್ಷಿಯಾದಲ್ಲಿ ಅದೇ ಶತಮಾನಗಳಲ್ಲಿ ಅದೇ ಸುವಾರ್ತೆ ಹಬ್ಬಿ ಸಭೆಗಳು ಬೆಳೆದವು. ಸಾಸಾನಿ ಅರಸರು ಮಾತ್ರ ಜರತುಷ್ಟ್ರನ ಮತ ಬಿಡಲಿಲ್ಲ, ಆ ರಾಜ್ಯ ಕ್ರೈಸ್ತ ರಾಜ್ಯವಾಗಲೇ ಇಲ್ಲ.