ಎಚ್. ಐ. ವಿ. ಕಿಣ್ವಗಳಲ್ಲಿ ಪಾಠಭೇದ

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ವಿದಿತವಾದ ಒಂದು ಸಂಗತಿಯುಂಟು: ಮೊದಲು ಕೈಗೆ ಸಿಕ್ಕಿದ ಓಲೆಯ ಪ್ರತಿಯೇ ಮೂಲವೆನಿಸಿಕೊಂಡು, ಅನಂತರ ದೊರೆತ ಪ್ರತಿಗಳ ಭೇದಗಳೆಲ್ಲ ಲಿಪಿಕಾರನ ಪ್ರಮಾದಗಳೆಂದು ಅಡಿಟಿಪ್ಪಣಿಗೆ ಇಳಿದುಬಿಡುವುವು. ಎಚ್. ಐ. ವಿ. ಎಂಬ ವೈರಸ್ಸಿನ ಕಿಣ್ವಗಳ ವಿಚಾರದಲ್ಲಿಯೂ ಇಂಥದೇ ನಡೆದುಹೋಯಿತು.

ಈ ವೈರಸ್ಸು 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಗುರುತಿಸಲ್ಪಟ್ಟಿತು. ಇದರ ಆರ್. ಎನ್. ಎ. ಬರಹವನ್ನು ಡಿ. ಎನ್. ಎ. ಆಗಿ ಪ್ರತಿಮಾಡುವ ಕಿಣ್ವಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂದು ಹೆಸರು. ಬರೆದುದನ್ನು ಮರಳಿ ಓದಿ ತಿದ್ದುವ ಶಕ್ತಿ ಈ ಲಿಪಿಕಾರನಿಗಿಲ್ಲ; ತಳಿಗಳು ಹೇರಳವಾಗಿ ಕವಲೊಡೆದುದಕ್ಕೆ ಇದೇ ಮುಖ್ಯಕಾರಣ. ಪ್ರೋಟಿಯೇಸ್ ಎಂಬುದು ಇನ್ನೊಂದು ಕಿಣ್ವ. ವೈರಸ್ಸಿನ ನೀಳವಾದ ಪ್ರೋಟೀನು ಸರಪಣಿಗಳನ್ನು ತಕ್ಕ ಎಡೆಗಳಲ್ಲಿ ಕತ್ತರಿಸುವುದು ಅದರ ಕಾರ್ಯ. ಅದು ತಡೆಯಲ್ಪಟ್ಟರೆ ಹೊಸದಾಗಿ ಹುಟ್ಟಿದ ವೈರಸ್ಸಿಗೆ ಸೋಂಕುವ ಬಲವಿರದು.

ಪ್ರೋಟಿಯೇಸಿನ ಆಕಾರವನ್ನು 1989ರ ಫೆಬ್ರವರಿಯಲ್ಲಿ ಮರ್ಕ್ ಸಂಸ್ಥೆಯ ನಾವಿಯಾ ಮೊದಲಾದವರು ಪ್ರಕಟಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಫ್ರೆಡರಿಕ್ ನಗರದ ವ್ಲೊಡಾವರ್ ಮತ್ತು ಅವರ ಸಂಗಡಿಗರು, ರಸಾಯನಕ್ರಮದಿಂದಲೇ ಕಟ್ಟಿದ ಕಿಣ್ವವನ್ನು ಸ್ಫಟಿಕವಾಗಿಸಿ, ಪೂರ್ವದ ಚಿತ್ರದಲ್ಲಿ ಸರಪಣಿಯ ತುದಿಗಳ ಬಳಿ ಉಳಿದಿದ್ದ ತಪ್ಪನ್ನು ತಿದ್ದಿದರು. ತಲಾ 99 ಅಮೈನೋ ಆಮ್ಲಗಳ ಎರಡು ಸಮಾನ ಸರಪಣಿಗಳು ಕೂಡಿ ಈ ಕಿಣ್ವವಾಗುವುದು. ನಡುವಣ ಸಂಧಿಯಲ್ಲಿ ಎರಡರ 25ನೆಯ ಆಮ್ಲಗಳೂ ಕತ್ತರಿಯ ಅಲಗುಗಳಂತೆ ಎದುರುಬದುರಾಗಿವೆ. ಮೇಲೆ ಕಣ್ಣಿನ ರೆಪ್ಪೆಗಳಂತೆ ತೆರೆದು ಮುಚ್ಚುವ ಎರಡು ಭಾಗಗಳು. ಈ ಸಂಧಿಗೆ ಹೊಂದುವಂತೆ ರಚಿತವಾದ ಸಕ್ವಿನಾವಿರ್ ಔಷಧಕ್ಕೆ 1995ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದರೆ ಈ ಚಿತ್ರಗಳಿಗೆ ಆಧಾರವಾದುದು ಯೂರೋಪು ಅಮೆರಿಕಗಳಲ್ಲಿ ಹರಡಿದ ಬಿ ಒಳತಳಿ. ಬೇರೆ ಪಾಠಗಳಿಗೂ ಅದೇ ಔಷಧ ಸಲ್ಲುವುದೋ ಎಂಬ ಪ್ರಶ್ನೆ ಕೇವಲ ಪಾಂಡಿತ್ಯದ್ದಾಗಿರಲಿಲ್ಲ. ಪಶ್ಚಿಮ ಆಫ್ರಿಕದ ರೋಗಿಗಳಲ್ಲಿ ಕಂಡು 1986ರಲ್ಲಿ ವರದಿಯಾದ ಎಚ್. ಐ. ವಿ.-2ರ ಮೇಲೆ ನೆವಿರಪಿನ್ ಸ್ವಭಾವತಃ ನಿಷ್ಫಲ. ಅದರ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ ಆಕಾರ 2002ರಲ್ಲಿ ಪ್ರಕಟವಾದಾಗ ಕಾರಣ ಸ್ಪಷ್ಟವಾಯಿತು: ಔಷಧ ಕೂರಬೇಕಾದ ಗೂಡಿನಲ್ಲಿ 181 ಮತ್ತು 188ನೆಯ ಆಮ್ಲಗಳು ಬೇರೆಯಾಗಿದ್ದುವು.

ಸಿ ಒಳತಳಿಯ ಭೇದ ಇಷ್ಟು ಕಠೋರವಲ್ಲ. ಅದರ ಪ್ರೋಟಿಯೇಸಿನ ಭೇದಗಳು ಬಹುಮಟ್ಟಿಗೆ ಸಂಧಿಯಿಂದ ದೂರದಲ್ಲಿವೆ. ಪ್ರಚಲಿತ ಔಷಧಗಳು ಅದರ ಮೇಲೂ ಫಲಿಸುತ್ತವೆ. ಕುತೂಹಲಕರವಾದುದು 36ನೆಯ ಸ್ಥಾನ. ಅಲ್ಲಿ ಬಿ ಪಾಠದಲ್ಲಿ ಮಿಥಿಯೋನಿನ್, ಸಿ ಪಾಠದಲ್ಲಿ ಐಸೊಲ್ಯೂಸಿನ್. ಬಿ ಪಾಠವನ್ನೇ ಪ್ರಮಾಣವಾಗಿಟ್ಟುಕೊಂಡ ಪಟ್ಟಿಗಳಲ್ಲಿ ಈ ಐಸೊಲ್ಯೂಸಿನ್ ಔಷಧಪ್ರತಿರೋಧದ ಒಂದು ಗೌಣಲಕ್ಷಣವೆಂದು ಎಣಿಸಲ್ಪಟ್ಟಿತ್ತು. ಸಿ ತಳಿಗಾದರೋ ಅದು ಔಷಧವನ್ನು ಕಾಣುವ ಮೊದಲೇ ಸಹಜವಾದ ಪಾಠ. ಜಗತ್ತಿನ ಸೋಂಕಿನಲ್ಲಿ ಸುಮಾರು ಅರ್ಧದಷ್ಟು ಈ ಒಳತಳಿಯದೇ. ದಕ್ಷಿಣ ಆಫ್ರಿಕದಂತೆ ಭಾರತದಲ್ಲಿಯೂ ಇದೇ ಪ್ರಬಲ. ಭಾರತದ ಮೊದಲ ಸೋಂಕುಗಳು ಮದರಾಸಿನಲ್ಲಿ ಪತ್ತೆಯಾದುದು 1986ರಲ್ಲಿ. ಔಷಧ ಸೇರದ ಸಿ ಪ್ರೋಟಿಯೇಸಿನ ಸೂಕ್ಷ್ಮಚಿತ್ರ ಪ್ರಕಟವಾದುದು 2008ರಲ್ಲಿ.